ಸಂಪಾದಕರ ಉತ್ತರ: ಉಸಿರಾಟದಲ್ಲೂ ಒಂದು ಆಟ ಇದೆಯಲ್ಲ ತಾಯಿ

ಈ ಸಲ ಬಂದ ಕಾಗದಗಳಲ್ಲಿ ಒಂದನ್ನ ಮೂರು ಸಲ ಓದಿದೆ. ಬರೆದವರಿಗೆ 48 ವರ್ಷ, ಹೆಸರು ಹಾಕ್ಬೇಡಿ ಅಂದಿದ್ದಾರೆ, ಹಾಕಲ್ಲ. ಮನೆಗೆ ಹಿರೀಮಗಳು. ಎಂಟನೇ ವಯಸ್ಸಿಗೇ ಸೊಂಟದ ಮೇಲೊಂದು ತಮ್ಮ, ಸೆರಗಿಗೊಂದು ತಂಗಿ. ಈಗ ಸ್ವಂತ ಮಕ್ಕಳೂ ದೊಡ್ಡವರಾಗಿ ದೂರ ಹೋಗಿದ್ದಾರೆ. ಸಂಜೆ ವಾಕಿಂಗ್ ಹೋಗೋ ಪಾರ್ಕಲ್ಲಿ, ಕತ್ತಲಾಗಿ ಮಕ್ಕಳೆಲ್ಲ ಮನೆ ಸೇರಿದ್ಮೇಲೆ, ಇವರು ಹೋಗಿ ಉಯ್ಯಾಲೆ ಮೇಲೆ ಕೂತ್ಕೋತಾರೆ. ಮೊನ್ನೆ ಪಕ್ಕದ ಮನೆಯವರು ನೋಡಿ ನಕ್ಕಿದ್ದಾರೆ, ಸುದ್ದಿ ಮನೆಗೂ ಮುಟ್ಟಿದೆ, ಯಜಮಾನರು "ವಯಸ್ಸಿಗೆ ತಕ್ಕ ಹಾಗೆ ಇರೋದು ಕಲಿ" ಅಂದಿದ್ದಾರೆ. ಅದಕ್ಕೂ ಮುಂಚೆ ಗೆಳತಿಯೊಬ್ಬರು ಫೋನಿಗೆ ಒಂದು ವಿಡಿಯೋ ಕಳಿಸಿದ್ರಂತೆ. ನಿಮ್ಮ ಇನ್ನರ್ ಚೈಲ್ಡ್, ಅಂದ್ರೆ ನಿಮ್ಮೊಳಗೆ ಉಳಿದಿರೋ ಮಗು, ಅದರ ಹತ್ರ ಮಾತಾಡಿ, ಕಣ್ಣು ಮುಚ್ಚಿ ಬಾಲ್ಯದ ಖುಷಿಯ ಕ್ಷಣ ನೆನೆಸ್ಕೊಳ್ಳಿ ಅಂತ. ಇವರು ಕಣ್ಣು ಮುಚ್ಚಿದ್ರೆ ಕೇಳಿಸಿದ್ದು ತಮ್ಮನ ಅಳು ಮಾತ್ರ. ಕೊನೆಗೆ ಕೇಳ್ತಾರೆ: "ಬಾಲ್ಯವೇ ಇಲ್ಲದವಳ ಒಳಗೆ ಯಾವ ಮಗು ಇರುತ್ತೆ ಸರ್? ನಾನು ಮಾಡ್ತಿರೋದು ಬರೀ ಹುಡುಗಾಟನಾ?"

ತಾಯಿ, ಮೊದಲು ನಿಮ್ಮ ಯಜಮಾನರ ಮಾತಿಗೆ ಸಲ್ಲಬೇಕಾದ್ದು ಸಲ್ಲಿಸ್ಬಿಡ್ತೀನಿ. ದೊಡ್ಡವರು ದೊಡ್ಡವರ ಹಾಗೆ ಇರ್ಬೇಕು ಅನ್ನೋದು ಸುಳ್ಳಲ್ಲ. ಕೊಟ್ಟ ಮಾತು ಮರೆತು, ಹಟ ಹಿಡಿದು, ಬೇರೆಯವರ ಮೇಲೆ ಭಾರ ಹಾಕಿ "ನಾನು ಮನಸ್ಸಲ್ಲಿ ಇನ್ನೂ ಮಗು" ಅನ್ನೋ ಗಂಡಸರನ್ನೂ ಹೆಂಗಸರನ್ನೂ ನಾನು ಬೇಕಾದಷ್ಟು ನೋಡಿದ್ದೀನಿ, ಅವರ ಮನೆಯವರು ಪಡೋ ಪಾಡೂ ಗೊತ್ತು. ಆದ್ರೆ ನೀವು 40 ವರ್ಷ ಎಲ್ಲರ ಭಾರ ಹೊತ್ತು, ಈಗ ಹತ್ತು ನಿಮಿಷ ನಿಮ್ಮ ಭಾರವನ್ನ ಎರಡು ಸರಪಳಿಗೆ ಕೊಟ್ಟಿದ್ದೀರಿ, ಅಷ್ಟೇ ಅಲ್ವಾ?

ಹುಡುಗಾಟ ಅನ್ನೋ ಪದ ನೋಡಿ. ಮಕ್ಕಳಾಟ, ಹುಡುಗಾಟಿಕೆ, ಚೆಲ್ಲಾಟ, ಎಲ್ಲವೂ ನಮ್ಮ ಬಾಯಲ್ಲಿ ಬೈಗುಳ ಆಗ್ಬಿಟ್ಟಿವೆ. ಅದೇ ಕನ್ನಡದಲ್ಲಿ ನಾವು ಮಾತಾಡ್ತೀವಿ, ಓಡಾಡ್ತೀವಿ, ಗಾಳಿ ಆಡುತ್ತೆ, ಜೊತೆಗಿರೋನು ಒಡನಾಡಿ, ಕೊನೆಗೆ ಬದುಕಿದ್ದೀವಿ ಅನ್ನೋದಕ್ಕೆ ಗುರುತಾಗಿರೋದೂ ಉಸಿರಾಟ. ಆಡು ಅಂದ್ರೆ ಚಲಿಸೋದು, ನುಡಿಯೋದು, ಆಟ ಆಡೋದು ಮೂರೂ ಹೌದು. ಇಷ್ಟೆಲ್ಲ ಕಡೆ ಆಟ ಬೆರೆಸಿರೋ ಭಾಷೆಯವರು ನಾವು, 48 ವರ್ಷದ ಹೆಂಗಸು ಉಯ್ಯಾಲೆ ಹತ್ತಿದ್ರೆ ನಗ್ತೀವಿ ಅಂದ್ರೆ ನನಗೆ ನಿಜವಾಗ್ಲೂ ಸಂಕಟ ಆಗುತ್ತೆ.

ಇನ್ನರ್ ಚೈಲ್ಡ್ ಅನ್ನೋ ಮಾತಿನ ಬೇರು ಹುಡುಕ್ತಾ ಹೋದ್ರೆ ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ ಸಿಗ್ತಾರೆ. 1913ರ ಆಸುಪಾಸು, ಮನೋವಿಶ್ಲೇಷಣೆ ಶುರು ಮಾಡಿದ ಫ್ರಾಯ್ಡ್ ಜೊತೆಗಿನ ಸ್ನೇಹ ಮುರಿದು, ಒಳಗೆಲ್ಲ ಗೊಂದಲ ಆಗಿ, ಏನು ಮಾಡ್ಬೇಕೋ ತೋಚದೇ ಕೂತಿದ್ದಾಗ ಅವರಿಗೆ ಹತ್ತು ಹನ್ನೊಂದನೇ ವಯಸ್ಸಲ್ಲಿ ಕಲ್ಲು ಮಣ್ಣು ಸೇರಿಸಿ ಪುಟ್ಟ ಮನೆಗಳನ್ನ ಕಟ್ತಿದ್ದಿದ್ದು ನೆನಪಾಯ್ತು. ಸರಿ, ಆ ದೊಡ್ಡ ಡಾಕ್ಟರು ಸರೋವರದ ದಂಡೇಲಿ ಕಲ್ಲು ಆರಿಸೋಕೆ ಶುರು ಮಾಡಿದ್ರು. ಮಧ್ಯಾಹ್ನ ಊಟ ಆದ್ಮೇಲೆ ರೋಗಿಗಳು ಬರೋ ತನಕ ಮನೆ, ಕೋಟೆ, ಒಂದು ಚರ್ಚು, ಹೀಗೆ ಇಡೀ ಹಳ್ಳಿ ಕಟ್ಟೋರು. ಮಕ್ಕಳಾಟ ಆಡದೇ ಬೇರೆ ದಾರಿ ಇಲ್ಲ ಅಂತ ಒಪ್ಪಿಕೊಳ್ಳೋದು ತುಂಬಾ ಅವಮಾನ ಅನ್ನಿಸ್ತು ಅಂತ ತಮ್ಮ ನೆನಪುಗಳಲ್ಲಿ ಅವರೇ ಹೇಳ್ಕೊಂಡಿದ್ದಾರೆ. ನಿಮಗೆ ಈಗ ಆಗ್ತಿರೋ ನಾಚಿಕೆ ಅವರಿಗೂ ಆಗಿತ್ತು, ಆದ್ರೂ ಅವರು ಕಲ್ಲು ಜೋಡಿಸೋದು ಬಿಡ್ಲಿಲ್ಲ.

ಆದ್ರೆ ನಿಮ್ಮ ಪ್ರಶ್ನೆ ಇದಕ್ಕಿಂತ ಗಟ್ಟಿ. ಯೂಂಗ್‌ಗೆ ನೆನಪು ಅಂತ ಒಂದಿತ್ತು, ನನಗೆ ಅದೂ ಇಲ್ಲವಲ್ಲ ಅಂತೀರಿ. ಇದಕ್ಕೆ ನನಗೆ ಉತ್ತರ ಸಿಕ್ಕಿದ್ದು ಇಲಿಗಳಲ್ಲಿ, ಬೇಸರ ಮಾಡ್ಕೋಬೇಡಿ. ಯಾಕ್ ಪ್ಯಾಂಕ್‌ಸೆಪ್ ಅಂತ ಒಬ್ಬ ವಿಜ್ಞಾನಿ ಇದ್ರು, ಇಲಿಗೆ ಕಚಗುಳಿ ಇಟ್ರೆ ಅದು ನಮ್ಮ ಕಿವಿಗೆ ಕೇಳದಷ್ಟು ಕೀರಲು ದನಿಯಲ್ಲಿ, 50 ಕಿಲೋಹರ್ಟ್ಸ್ ಸುಮಾರಿಗೆ, ಖುಷಿಯ ಸದ್ದು ಮಾಡುತ್ತೆ ಅಂತ ತೋರಿಸಿದವರು. ಅವರ ಕೆಲಸದಲ್ಲಿ ನನ್ನನ್ನ ಹಿಡಿದು ನಿಲ್ಲಿಸಿದ್ದು ಎರಡು ಸಂಗತಿ. ಮಿದುಳಿನ ಮೇಲ್ಪದರ, ಅಂದ್ರೆ ಯೋಚನೆ ಲೆಕ್ಕಾಚಾರ ಎಲ್ಲ ನಡೆಯೋ ಭಾಗ, ಅದನ್ನ ಎಳೇ ವಯಸ್ಸಲ್ಲೇ ತೆಗೆದ್ರೂ ಇಲಿಮರಿಗಳು ಆಟ ಆಡ್ತಾವೆ. ಅಂದ್ರೆ ಆಟ ಯಾರೋ ಕಲಿಸಿ ಬರೋದಲ್ಲ, ಅದು ಇನ್ನೂ ಕೆಳಗೆ, ಹಸಿವು ಭಯ ಇರೋ ಹಳೇ ಜಾಗದಲ್ಲಿ ಕೂತಿದೆ. ಎರಡನೇದು, ಮರಿಗಳನ್ನ ಸ್ವಲ್ಪ ಕಾಲ ಆಟ ಇಲ್ಲದ ಹಾಗೆ ಒಂಟಿಯಾಗಿಟ್ಟು ಆಮೇಲೆ ಬಿಟ್ರೆ ಅವು ಮಾಮೂಲಿಗಿಂತ ಜಾಸ್ತಿ ಆಡ್ತಾವೆ. ಮರೆತು ಹೋಗಲ್ಲ, ಹಸಿದಿರ್ತಾವೆ! ಇಲಿಯಿಂದ ಮನುಷ್ಯರಿಗೆ ಎಷ್ಟು ದೂರ ಹಾರಬಹುದು ಅಂತ ಯಾರಾದ್ರೂ ಕೇಳಿದ್ರೆ ಅವರ ಜೊತೆ ಜಗಳ ಆಡಲ್ಲ, ಆದ್ರೆ ನಾನಂತೂ ಹಾರಿದ್ದೀನಿ. ಒಳಗಿನ ಮಗು ಅಂದ್ರೆ ಆಲ್ಬಮ್ಮಿನ ಹಳೇ ಫೋಟೋ ಅಲ್ಲ ತಾಯಿ, ನೆನೆಸ್ಕೊಂಡ್ರೆ ಮಾತ್ರ ಇರುತ್ತೆ ಅನ್ನೋಕೆ. ಅದೊಂದು ಹಸಿವು. ಎಂಟು ವರ್ಷಕ್ಕೆ ಊಟ ಸಿಗದಿದ್ದವಳಿಗೆ 48ಕ್ಕೆ ಹಸಿವಾಗೋದರಲ್ಲಿ ಆಶ್ಚರ್ಯ ಏನಿದೆ?

ಒಂದು ಮಾತು ಇಲ್ಲೇ ಹೇಳ್ಬೇಕು. ಕಣ್ಮುಚ್ಚಿದಾಗ ಅಳುವಿನ ಜೊತೆ ಏಟು, ಹೆದರಿಕೆ, ಹೇಳೋಕಾಗದ ಸಂಗತಿಗಳು ಬರೋರು ಇದ್ದಾರೆ. ಅಮೆರಿಕದಲ್ಲಿ 9,500ಕ್ಕೂ ಹೆಚ್ಚು ಜನರ ಮೇಲೆ ಮಾಡಿದ ಒಂದು ಅಧ್ಯಯನ 1998ರಲ್ಲಿ ಪ್ರಕಟವಾಯ್ತು, ಬಾಲ್ಯದಲ್ಲಿ ಉಂಡ ನೋವು ಜಾಸ್ತಿಯಾದಷ್ಟೂ ದೊಡ್ಡವರಾದ್ಮೇಲೆ ಖಿನ್ನತೆ, ಹೃದಯದ ಕಾಯಿಲೆ ಎರಡರ ಸಾಧ್ಯತೆಯೂ ಹೆಚ್ಚು ಅಂತ ಅದು ತೋರಿಸ್ತು. ಅಂಥವರು ವಿಡಿಯೋ ನೋಡ್ಕೊಂಡು ಒಬ್ಬರೇ ಕಣ್ಮುಚ್ಚಿ ಕೂರಬಾರದು, ಓದಿಕೊಂಡಿರೋ ಆಪ್ತಸಮಾಲೋಚಕರ ಹತ್ರ ಹೋಗ್ಬೇಕು. ಮೂರು ಗಂಟೆಯ ವರ್ಕ್‌ಶಾಪ್ ಮಾಡಿ, ಎಲ್ಲರನ್ನೂ ಅಳಿಸಿ, ಸರ್ಟಿಫಿಕೇಟ್ ಕೊಟ್ಟು ಕಳಿಸೋರನ್ನ ಕಂಡ್ರೆ ನನಗೆ ಸಿಟ್ಟು ಬರೋದು ಇದಕ್ಕೇನೇ.

ನನ್ನಮ್ಮನೂ ಹಿರೀಮಗಳೇ. ಅವರಿಗೆ ಎಪ್ಪತ್ತು ದಾಟಿದ್ಮೇಲೆ ಒಂದು ದಿನ ಮೊಮ್ಮಗಳ ಗೊಂಬೆ ತಗೊಂಡು ಅದಕ್ಕೆ ಜಡೆ ಹಾಕ್ತಾ ಕೂತಿದ್ರು. ಮಗು ವಾಪಸ್ ಕೇಳಿದ್ರೆ "ಇರೇ, ಇನ್ನೊಂಚೂರು" ಅಂದ್ರು. ಮನೆ ತುಂಬಾ ಜನ ಇದ್ವಿ, ಎಲ್ಲರೂ ಘೊಳ್ಳಂತ ನಕ್ಕ್ವಿ. ಅಮ್ಮ ಗೊಂಬೇನ ಪಕ್ಕಕ್ಕಿಟ್ಟು ಎದ್ದು ಒಳಗೆ ಹೋದ್ರು. ಆಮೇಲೆ ಅದನ್ನ ಮುಟ್ಟಲೇ ಇಲ್ಲ. ಕೆಟ್ಟ ಮನಸ್ಸಿಂದ ಯಾರೂ ನಗಲಿಲ್ಲ, ಆದ್ರೆ ಆ ನಗೆಯಲ್ಲಿ ನನ್ನದೂ ಇತ್ತು. ಅಮ್ಮ ಈಗಿಲ್ಲ. ನಿಮ್ಮ ಕಾಗದ ಓದಿದಾಗ ಮೊದಲು ನೆನಪಾಗಿದ್ದು ಆ ಅರ್ಧ ಹಾಕಿದ ಜಡೆ.

ಇನ್ನೊಂದು ಬೇಸರವನ್ನೂ ಹೇಳ್ಬಿಡ್ತೀನಿ. ಆಟದ ಪರವಾಗಿ ಮಾತಾಡೋರೂ ಈಗ ಅದರ ಲಾಭ ತೋರಿಸಿಯೇ ಮಾತಾಡ್ತಾರೆ. ಆಂಡ್ರೆ ಗೈಮ್ ಅನ್ನೋ ಭೌತವಿಜ್ಞಾನಿ 1997ರಲ್ಲಿ ಒಂದು ಕಪ್ಪೆಯನ್ನ ಬಲವಾದ ಅಯಸ್ಕಾಂತದಲ್ಲಿ ತೇಲಿಸಿದ್ರು, ಅದಕ್ಕೆ 2000ದಲ್ಲಿ ತಮಾಷೆಯ ಇಗ್ ನೊಬೆಲ್ ಬಂತು, ಅಂಟುಪಟ್ಟಿ ಹಚ್ಚಿ ಪೆನ್ಸಿಲ್ಲಿನ ಗ್ರಾಫೈಟನ್ನ ಪದರ ಪದರ ಕೀಳ್ತಾ ಒಂದೇ ಪರಮಾಣು ದಪ್ಪದ ಗ್ರಾಫೀನ್ ಅನ್ನೋ ಹಾಳೆ ಸಿಕ್ಕಿದ್ದಕ್ಕೆ 2010ರಲ್ಲಿ ನಿಜವಾದ ನೊಬೆಲ್ಲೇ ಬಂತು. ನಾನೂ ವರ್ಷಗಟ್ಟಲೆ ಭಾಷಣಗಳಲ್ಲಿ ಇದನ್ನೇ ಹೇಳ್ತಿದ್ದೆ. ನೊಬೆಲ್ ಅಂದ ತಕ್ಷಣ ಸಭೆಯವರ ಮುಖದಲ್ಲಿ ಆಟದ ಬಗ್ಗೆ ಗೌರವ ಹುಟ್ಟೋದನ್ನ ನೋಡಿ ನೋಡಿ ಈಗ ಹೇಳೋದು ನಿಲ್ಲಿಸಿದ್ದೀನಿ. ಯಾಕಂದ್ರೆ ನಿಮ್ಮ ಉಯ್ಯಾಲೆಗೆ ಯಾವ ಬಹುಮಾನವೂ ಬರಲ್ಲ, ಬರಬೇಕಾಗಿಯೂ ಇಲ್ಲ. ಚಿತ್ರ ಬರೆದ್ರೆ ಪೋಸ್ಟ್ ಮಾಡ್ಬೇಕು, ಹಾಡಿದ್ರೆ ಕ್ಲಾಸಿಗೆ ಸೇರ್ಬೇಕು, ನಡೆದ್ರೆ ಎಷ್ಟು ಹೆಜ್ಜೆ ಆಯ್ತು ಅಂತ ಗಡಿಯಾರ ಲೆಕ್ಕ ಇಡ್ಬೇಕು. ಲೆಕ್ಕಕ್ಕೆ ಸಿಗದ ಒಂದು ಹತ್ತು ನಿಮಿಷ ಯಾರ ಹತ್ರ ಉಳಿದಿದೆ ಹೇಳಿ?

ಮಕ್ಕಳ ಹತ್ರವೂ ಇಲ್ಲ. ನಮ್ಮ ಮಕ್ಕಳ ಪುಟಕ್ಕೆ ಮುಂಚೆ ಬರ್ತಿದ್ದ ಚಿತ್ರಗಳಲ್ಲಿ ಕೈಗೆ ಏಳು ಬೆರಳಿರೋದು, ಮನೆಗಿಂತ ಕೋಳಿ ದೊಡ್ಡದಿರೋದು. ಈಗ ಬರೋದೆಲ್ಲ ನೆಟ್ಟಗೆ, ಜೊತೆಗೆ ಮಗು ಗೆದ್ದ ಪ್ರಶಸ್ತಿಗಳ ಪಟ್ಟಿ, ಕವನ ಕಳಿಸಿದ್ರೆ ಪ್ರಾಸವನ್ನ ದೊಡ್ಡವರು ತಿದ್ದಿರೋದು ಎದ್ದು ಕಾಣುತ್ತೆ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಮಗುವಿಗೆ ಆಡೋ ಹಕ್ಕಿದೆ ಅನ್ನುತ್ತೆ. ಹದಿನೆಂಟು ತುಂಬಿದ ಮರುದಿನ ಆ ಹಕ್ಕು ಎಲ್ಲಿಗೆ ಹೋಗುತ್ತೋ ಅದು ಬೇರೆ ಮಾತು, ಎಂಟಕ್ಕೇ ಕೈಯಿಂದ ಕಿತ್ಕೊಂಡ್ರೆ ಯಾರನ್ನ ಕೇಳೋದು.

ಈಗ ನಿಮ್ಮನ್ನ ಸ್ವಲ್ಪ ಬೈತೀನಿ, ಹಕ್ಕಿದೆ ಅಂದ್ಕೊಂಡು. ಎರಡು ಪುಟದ ಕಾಗದದಲ್ಲಿ ನಾಲ್ಕು ಸಲ "ನಾಚಿಕೆ" ಅಂತ ಬರೆದಿದ್ದೀರಿ, ಎರಡು ಸಲ "ಕ್ಷಮಿಸಿ". ಉಯ್ಯಾಲೆ ಹೇಗಿತ್ತು, ಜೋರಾಗಿ ಜೀಕಿದ್ರಾ, ಹೊಟ್ಟೆಯಲ್ಲಿ ಜುಮ್ಮಂತಾ, ಅದರ ಬಗ್ಗೆ ಒಂದೇ ಒಂದು ಸಾಲೂ ಇಲ್ಲ! ಕತ್ತಲಾಗೋ ತನಕ ಯಾಕೆ ಕಾಯ್ತೀರಿ? ಉಯ್ಯಾಲೆ ನಿಮ್ಮ ತೂಕ ತಡೆಯುತ್ತಾ ಅಂತ ಮಾತ್ರ ನೋಡ್ಕೊಳ್ಳಿ, ಮಕ್ಕಳು ಕಾಯ್ತಿದ್ರೆ ಇಳಿದು ಕೊಡಿ, ಅಷ್ಟು ಸಾಕು.

ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಿನಿಕಾಟ್ ಅಂತ ಮಕ್ಕಳ ಡಾಕ್ಟರಿದ್ರು. ಬಂದ ಮಗುವಿನ ಮುಂದೆ ಕಾಗದದ ಮೇಲೆ ಸುಮ್ಮನೆ ಒಂದು ಗೀಟು ಗೀಚೋರು, ಮಗು ಅದನ್ನ ಏನಾದ್ರೂ ಮಾಡ್ಬೇಕು, ಆಮೇಲೆ ಮಗು ಗೀಚಿದ್ದನ್ನ ಇವರು ಏನಾದ್ರೂ ಮಾಡೋರು. ಇದು ಯಾಕೆ ನೆನಪಾಯ್ತು ಅಂದ್ರೆ, ನಿಮ್ಮ ಎರಡನೇ ಪುಟದ ಕೆಳಗಿನ ಮೂಲೆಯಲ್ಲಿ ಏನೋ ಬರೆದು ಆಮೇಲೆ ಪೆನ್ನಲ್ಲಿ ಪೂರ್ತಿ ಹೊಡೆದು ಹಾಕಿದ್ದೀರಿ. ತಪ್ಪಾದ ಪದ ಇರ್ಬೇಕು ಅಂದ್ಕೊಂಡು ದೀಪಕ್ಕೆ ಹಿಡಿದು ನೋಡಿದೆ. ಬೆಕ್ಕು. ಮೀಸೆ ಇದೆ, ಬಾಲ ಇನ್ನೂ ಬಂದಿರಲಿಲ್ಲ. ಮುಂದಿನ ಕಾಗದದಲ್ಲಿ ಅದರ ಬಾಲ ಮುಗಿಸಿ ಕಳಿಸಿ.