ಕೊನೇ ತನಕ ಅಸಿಸ್ಟೆಂಟ್ ಕೋಚ್ ಆಗೇ ಇರೋದು ಒಂದು ಕೆರಿಯರ್ರಾ?

ನಿಮ್ಮ ಅಕ್ಕನ ಮಗಳು ಅಮೆರಿಕದ ಕಾಲೇಜಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿ ಮುಗಿಸಿ ಈಗ ಅಸಿಸ್ಟೆಂಟ್ ಕೋಚ್ ಆಗ್ತೀನಿ ಅಂತಿದಾಳೆ, ಹೆಡ್ ಕೋಚ್ ಆಗೋ ಆಸೇನೂ ಇಲ್ವಂತೆ, ಹಿಂಗೆ ಜೀವನಪೂರ್ತಿ ಎರಡನೇ ಕುರ್ಚೀಲೇ ಕೂತಿರೋದು ಒಂದು ಕೆರಿಯರ್ರಾ ಅಂತ ಕೇಳಿದೀರಿ. ನಾನು ಕೋಚ್ ಅಲ್ಲ. ಮೈಸೂರಲ್ಲಿ ಓದೋವಾಗ ಕಾಲೇಜ್ ಟೀಮಲ್ಲಿ ಆಡ್ತಿದ್ದೆ ಅಷ್ಟೇ, ಅಲ್ಲಿ ಪಿಇ ಮೇಡಂ ಒಬ್ರೇ ಕೋಚು, ಮ್ಯಾನೇಜರ್ರು, ಬಸ್ ಚಾರ್ಜ್ ಲೆಕ್ಕ ಬರೆಯೋರು ಎಲ್ಲಾ. ಈಗ ಇರೋದು ಕನೆಕ್ಟಿಕಟ್‌ನಲ್ಲಿ. ಇಲ್ಲಿ ನವೆಂಬರ್ ಬಂತು ಅಂದ್ರೆ ಯುಕಾನ್ (ಯೂನಿವರ್ಸಿಟಿ ಆಫ್ ಕನೆಕ್ಟಿಕಟ್) ಹುಡುಗೀರ ಬ್ಯಾಸ್ಕೆಟ್‌ಬಾಲ್ ಮ್ಯಾಚ್ ನೋಡ್ದೆ ಬದುಕೋಕೇ ಆಗಲ್ಲ, ಆಫೀಸಲ್ಲೂ ಅದೇ ಮಾತು. ಹಾಗಾಗಿ ಆ ಟೀಮಿನ ಎರಡನೇ ಕುರ್ಚೀಲಿ ಕೂರೋ ಕ್ರಿಸ್ ಡೇಲಿ ಅನ್ನೋ ಹೆಂಗಸಿನ ಬಗ್ಗೆ ಹೇಳ್ತೀನಿ, ನಿಮ್ಮ ಪ್ರಶ್ನೆಗೆ ಅವರಿಗಿಂತ ಒಳ್ಳೇ ಉದಾಹರಣೆ ನಂಗೆ ಗೊತ್ತಿಲ್ಲ.

ಡೇಲಿ ನ್ಯೂಜೆರ್ಸಿಯವರು, ಅಲ್ಲಿನ ರಟ್ಗರ್ಸ್ ಯೂನಿವರ್ಸಿಟಿಗೆ ಆಡಿದವರು. 1982ರಲ್ಲಿ ರಟ್ಗರ್ಸ್ ಟೆಕ್ಸಸ್ ಮೇಲೆ 83-77 ಗೆದ್ದು ನ್ಯಾಷನಲ್ ಚಾಂಪಿಯನ್ ಆಯ್ತು, ಆದ್ರೆ ಅದು ಈಗ ಅಮೆರಿಕದ ಕಾಲೇಜ್ ಕ್ರೀಡೆ ನಡೆಸೋ ಎನ್‌ಸಿಎಎ ಅನ್ನೋ ಸಂಸ್ಥೆಯ ಕಪ್ ಅಲ್ಲ. ಹೆಂಗಸರ ಕಾಲೇಜ್ ಕ್ರೀಡೆನ ಹೆಂಗಸರೇ ನಡೆಸ್ತಿದ್ದ ಎಐಎಡಬ್ಲ್ಯು ಅಂತ ಒಂದು ಸಂಸ್ಥೆ ಇತ್ತು, ಅದರ ಕೊನೇ ಟೂರ್ನಮೆಂಟ್ ಅದು, ಅದೇ ವರ್ಷ ಎನ್‌ಸಿಎಎ ತಾನೇ ಹೆಂಗಸರ ಟೂರ್ನಮೆಂಟ್ ಶುರು ಮಾಡಿ ಇವರ ಅಂಗಡಿ ಮುಚ್ಚಿಸ್ತು. ಆಮೇಲೆ ಡೇಲಿ ಕಾರ್ನೆಲ್‌ನಲ್ಲಿ, ರಟ್ಗರ್ಸ್‌ನಲ್ಲಿ ಅಸಿಸ್ಟೆಂಟ್ ಆಗಿದ್ರು. 1985ರಲ್ಲಿ ವರ್ಜೀನಿಯಾದಲ್ಲಿ ತಾನೂ ಅಸಿಸ್ಟೆಂಟ್ ಆಗಿದ್ದ ಜೀನೋ ಓರಿಯೆಮ್ಮಾ ಅನ್ನೋರಿಗೆ ಯುಕಾನ್ ಹೆಡ್ ಕೋಚ್ ಕೆಲ್ಸ ಸಿಕ್ತು, ಅವರು ಇವರನ್ನ ಕರೆದ್ರು, ಇವರು ಹೋದ್ರು. ಅವತ್ತಿನ ಯುಕಾನ್ ಅಂದ್ರೆ ಯಾರಿಗೂ ಬೇಡವಾದ ಟೀಮು, ಅಲ್ಲೀತನಕದ ಇತಿಹಾಸದಲ್ಲಿ ಸೋಲಿಗಿಂತ ಗೆಲುವು ಜಾಸ್ತಿ ಇದ್ದ ಸೀಸನ್ ಒಂದೇ ಒಂದು. ಇವರಿಬ್ರ ಮೊದಲ ಸೀಸನ್ನೂ 12 ಗೆಲುವು, 15 ಸೋಲು.

ಅಲ್ಲಿಂದ ಇಲ್ಲೀತನಕ 12 ನ್ಯಾಷನಲ್ ಟೈಟಲ್, 1995ರಲ್ಲಿ ಮೊದಲನೇದು, 2025ರಲ್ಲಿ ಸೌತ್ ಕ್ಯಾರೊಲಿನಾನ 82-59ಕ್ಕೆ ಮಲಗಿಸಿ ಹನ್ನೆರಡನೇದು. ನಡುವೆ ಸತತ 111 ಮ್ಯಾಚ್ ಸೋಲದೇ ಇದ್ದ ಕಾಲಾನೂ ಬಂತು. ಇಷ್ಟಕ್ಕೂ ಡೇಲಿ ಹುದ್ದೆ ಬದಲಾಗಿದ್ದು ಒಂದೇ ಸಲ, 1988ರಲ್ಲಿ ಅಸೋಸಿಯೇಟ್ ಹೆಡ್ ಕೋಚ್ ಅಂತ ಹೆಸರು ಕೊಟ್ರು, ಮುಗೀತು.

ಹಾಗಾದ್ರೆ ಈ ಅಸಿಸ್ಟೆಂಟು ಮಾಡೋದಾದ್ರೂ ಏನು ಅಂತ ಕೇಳ್ತೀರಿ. ಮೊದಲನೇದು ರಿಕ್ರೂಟಿಂಗ್. ಹೈಸ್ಕೂಲ್ ಹುಡುಗೀರ ಆಟ ನೋಡೋಕೆ ಊರೂರು ಸುತ್ತೋದು, ಬೇಸಿಗೇಲಿ ಒಂದೇ ಹಾಲಲ್ಲಿ ಬೆಳಗಿಂದ ರಾತ್ರಿ ತನಕ ಮ್ಯಾಚ್ ನೋಡೋದು, ಹುಡುಗಿ ಜೊತೆ, ಅವಳ ಅಮ್ಮನ ಜೊತೆ, ಅಜ್ಜಿ ಜೊತೆ ವರ್ಷಗಟ್ಟಲೆ ಮಾತಾಡೋದು, ಕೊನೇಗೆ ಅವಳು ಬೇರೆ ಕಾಲೇಜಿಗೆ ಹೋಗಿಬಿಡ್ತಾಳೆ. ಈಗಂತೂ 2018ರಿಂದ ಟ್ರಾನ್ಸ್‌ಫರ್ ಪೋರ್ಟಲ್ ಬಂದಿದೆ, ಕಾಲೇಜ್ ಬದಲಾಯಿಸ್ಬೇಕು ಅನ್ನೋ ಆಟಗಾರ್ತೀರು ಅದರಲ್ಲಿ ಹೆಸರು ಹಾಕ್ತಾರೆ, 2021ರಿಂದ ಆಟಗಾರ್ತೀರು ಜಾಹೀರಾತಲ್ಲಿ ದುಡ್ಡು ಮಾಡ್ಬಹುದು, ಅಂದ್ರೆ ಕರ್ಕೊಂಡು ಬಂದ ಹುಡುಗೀನ ಪ್ರತಿ ವರ್ಷ ಮತ್ತೆ ಒಪ್ಪಿಸ್ಬೇಕು. ಎರಡನೇದು ಸ್ಕೌಟ್, ಎದುರಾಳಿ ಟೀಮ್‌ಗಳನ್ನ ಅಸಿಸ್ಟೆಂಟ್‌ಗಳು ಹಂಚ್ಕೋತಾರೆ, ನಿಮ್ಮ ಪಾಲಿಗೆ ಬಂದ ಟೀಮಿನ ಹಳೇ ವಿಡಿಯೋ ಎಲ್ಲಾ ಕೂತು ನೋಡಿ ಯಾರು ಎಡಗೈ, ಯಾರನ್ನ ಶೂಟ್ ಮಾಡೋಕೆ ಬಿಡ್ಬಹುದು, ಟೈಮೌಟ್ ಆದ್ಮೇಲೆ ಯಾವ ಪ್ಲೇ ಆಡ್ತಾರೆ ಅನ್ನೋದನ್ನ ಹೆಡ್ ಕೋಚಿಗೂ ಹುಡುಗೀರಿಗೂ ಎರಡೇ ಪುಟದಲ್ಲಿ ತಿಳಿಸ್ಬೇಕು. ಇನ್ನು ಹೆಡ್ ಕೋಚ್ ಬೈದಾಗ ರೂಮಲ್ಲಿ ಕೂತು ಅಳ್ತಿರೋ ಹತ್ತೊಂಬತ್ತು ವರ್ಷದ ಹುಡುಗಿ ಹತ್ರ ಹೋಗೋರು ಯಾರು? ಅದೂ ಇವರೇ. ಯುಕಾನ್‌ನಲ್ಲಿ ಎಲ್ರೂ ಡೇಲೀನ ಅವರ ಹೆಸರಿನ ಇಂಗ್ಲಿಷ್ ಮೊದಲಕ್ಷರ ಸೇರಿಸಿ ಸಿಡಿ ಅಂತಾರೆ, ಮತ್ತೆ ಸಿಡಿ ಅಂದ್ರೆ ಸಮಾಧಾನ ಮಾಡೋ ಅಮ್ಮ ಅಂತ ಅಂದ್ಕೋಬೇಡಿ, ಶಿಸ್ತಿನ ವಿಷಯಕ್ಕೆ ಹುಡುಗೀರು ಜೀನೋಗಿಂತ ಇವರಿಗೇ ಜಾಸ್ತಿ ಹೆದರ್ತಾರೆ ಅಂತ ಇಲ್ಲಿ ಮಾತು. ನಮ್ಮ ಮದುವೆ ಮನೇಲಿ ಸೋದರಮಾವ ಇರ್ತಾರಲ್ಲ, ಛತ್ರದೋರಿಂದ ಹಿಡಿದು ಅಡುಗೆ ಭಟ್ರ ತನಕ ಎಲ್ರಿಗೂ ಅವರೇ ಬೇಕು ಆದ್ರೆ ಫೋಟೋದಲ್ಲಿ ಸಿಗಲ್ಲ, ಹಂಗೆ.

ಹೆಡ್ ಕೋಚ್ ಆಗೋಕೆ ಇವರ ಕೈಲಿ ಆಗಲ್ಲ ಅನ್ನೋದಂತೂ ಸುಳ್ಳು. 2021ರಲ್ಲಿ ಎನ್‌ಸಿಎಎ ಟೂರ್ನಮೆಂಟ್ ಶುರುವಾಗೋ ಹೊತ್ತಿಗೆ ಜೀನೋಗೆ ಕೋವಿಡ್ ಬಂತು, ಮೊದಲ ಎರಡು ಮ್ಯಾಚ್ ಡೇಲೀನೇ ನಡೆಸಿದ್ರು, ಹೈಪಾಯಿಂಟ್ ಮೇಲೆ 102-59, ಸಿರಕ್ಯೂಸ್ ಮೇಲೆ 83-47. ಗೆದ್ದು ಮತ್ತೆ ಪಕ್ಕದ ಕುರ್ಚಿಗೆ ಹೋಗಿ ಕೂತ್ರು. ಸ್ಟ್ಯಾನ್‌ಫರ್ಡ್‌ನ ಅಸಿಸ್ಟೆಂಟ್ ಏಮಿ ಟಕರ್ ಇದಕ್ಕಿಂತ ದೊಡ್ಡದೇ ಮಾಡಿದಾರೆ, 1995-96ರಲ್ಲಿ ಅಲ್ಲಿನ ಹೆಡ್ ಕೋಚ್ ತಾರಾ ವ್ಯಾನ್‌ಡರ್ವೀರ್ ಅಮೆರಿಕದ ಒಲಿಂಪಿಕ್ ಟೀಮ್ ತಯಾರು ಮಾಡೋಕೆ ಒಂದು ಸೀಸನ್ ರಜಾ ಹಾಕಿದಾಗ ಟಕರ್ ಇನ್ನೊಬ್ರ ಜೊತೆ ಸೇರಿ ಟೀಮ್ ನಡೆಸಿ, 29 ಗೆದ್ದು ಮೂರೇ ಸೋತು ಫೈನಲ್ ಫೋರ್ (ಕೊನೇ ನಾಲ್ಕು ಟೀಮು) ತನಕ ಕರ್ಕೊಂಡ್ ಹೋದ್ರು, ತಾರಾ ಅಟ್ಲಾಂಟಾದಿಂದ ಚಿನ್ನ ತಗೊಂಡು ವಾಪಸ್ ಬಂದ್ಮೇಲೆ ಇವರು ಮತ್ತೆ ಅಸಿಸ್ಟೆಂಟ್, ಇನ್ನೂ ಇಪ್ಪತ್ತು ವರ್ಷ ಹಾಗೇ.

ಬಡ್ತಿ ತಗೊಂಡೋರ ಕಥೇನೂ ನೋಡಿ. ಟೆನೆಸ್ಸೀ ಯೂನಿವರ್ಸಿಟೀಲಿ ಹಾಲಿ ವಾರ್ಲಿಕ್ 27 ವರ್ಷ ಹೆಡ್ ಕೋಚ್ ಪ್ಯಾಟ್ ಸಮಿಟ್ ಪಕ್ಕದಲ್ಲಿ ಅಸಿಸ್ಟೆಂಟ್ ಆಗಿದ್ರು. 2011ರಲ್ಲಿ ಸಮಿಟ್‌ಗೆ ಚಿಕ್ಕ ವಯಸ್ಸಲ್ಲೇ ಆಲ್ಜೈಮರ್ಸ್ ಅಂತ ಗೊತ್ತಾಗಿ, 2012ರಲ್ಲಿ ವಾರ್ಲಿಕ್ ಹೆಡ್ ಕೋಚ್ ಆದ್ರು, ಏಳು ಸೀಸನ್‌ನಲ್ಲಿ ಮೂರು ಸಲ ಕೊನೇ ಎಂಟರ ತನಕ ಹೋದ್ರು, ಆದ್ರೂ 2019ರಲ್ಲಿ ಕೆಲಸದಿಂದ ತೆಗೆದ್ರು. ಸಮಿಟ್ ಎಂಟು ಟೈಟಲ್ ಗೆದ್ದ ಕುರ್ಚೀಲಿ ಕೂತು ಕೊನೇ ಎಂಟು ಅಂದ್ರೆ ಆ ಊರಲ್ಲಿ ಸೋಲು ಅಂತಾನೇ ಲೆಕ್ಕ. ಯುಕಾನ್‌ನಿಂದ್ಲೇ ಅಸಿಸ್ಟೆಂಟ್‌ಗಳಾದ ಟೋನ್ಯಾ ಕಾರ್ಡೋಜಾ ಟೆಂಪಲ್ ಯೂನಿವರ್ಸಿಟಿಗೆ, ಜಮೆಲ್ ಎಲಿಯಟ್ ಸಿನ್ಸಿನಾಟಿ ಯೂನಿವರ್ಸಿಟಿಗೆ ಹೆಡ್ ಕೋಚ್ ಆಗಿ ಹೋದ್ರು, ವರ್ಷಗಳಾದ್ಮೇಲೆ ಇಬ್ರೂ ವಾಪಸ್ ಯುಕಾನ್‌ಗೇ ಬಂದ್ರು.

ಒಂದು ವಿಷಯ ಮಾತ್ರ ನಂಗೆ ಯಾವತ್ತೂ ಚುಚ್ಚುತ್ತೆ. 1972ರಲ್ಲಿ ಶಾಲೆ ಕಾಲೇಜಲ್ಲಿ ಗಂಡು ಹೆಣ್ಣು ಅಂತ ಭೇದ ಮಾಡಬಾರದು ಅನ್ನೋ ಟೈಟಲ್ ನೈನ್ ಕಾನೂನು ಬರೋಕೆ ಮುಂಚೆ ಕಾಲೇಜ್ ಹೆಂಗಸರ ಟೀಮ್‌ಗಳಿಗೆ ಹತ್ರಹತ್ರ ಎಲ್ಲಾ ಕಡೆ ಹೆಂಗಸರೇ ಕೋಚು, ಆಮೇಲೆ ದುಡ್ಡು ಸಂಬಳ ಬಂತು, ಗಂಡಸರೂ ಬಂದ್ರು, ಈಗ ಎಲ್ಲಾ ಆಟ ಸೇರಿಸಿ ನೋಡಿದ್ರೆ ಹೆಂಗಸರು ಕೋಚ್ ಆಗಿರೋದು ಅರ್ಧಕ್ಕಿಂತ ಕಮ್ಮಿ. ಹೆಂಗಸರ ಆಟದ ಅತಿ ದೊಡ್ಡ ಟೀಮಲ್ಲಿ ಮುಂದಿನ ಕುರ್ಚೀಲಿ ಗಂಡಸು, ಪಕ್ಕದಲ್ಲಿ ಡೇಲಿ. ಇದನ್ನ ನೋಡಿ ಸಿಟ್ಟಾಗೋರು ಇದಾರೆ, ಅವರ ಮಾತಲ್ಲಿ ನ್ಯಾಯ ಇದೆ. ಆದ್ರೆ ಡೇಲೀನ ಪಾಪ ಅನ್ನೋದು ನಂಗೆ ಇಷ್ಟ ಆಗಲ್ಲ, 2018ರಲ್ಲಿ ವಿಮೆನ್ಸ್ ಬ್ಯಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್‌ಗೆ ಅವರನ್ನ ಸೇರಿಸಿದ್ದು ಕನಿಕರಕ್ಕಲ್ಲ. 2024ರ ನವೆಂಬರ್ 20ಕ್ಕೆ ಜೀನೋ 1217ನೇ ಗೆಲುವು ಗೆದ್ದು ತಾರಾ ಹೆಸರಲ್ಲಿದ್ದ ಅತಿ ಹೆಚ್ಚು ಗೆಲುವಿನ ದಾಖಲೆ ಮುರಿದಾಗ, ಯುಕಾನ್ ಇರೋ ಊರು ಸ್ಟೋರ್ಸ್‌ನಲ್ಲಿ ಆ ಸಂಭ್ರಮಾನ ಇಬ್ರಿಗೂ ಸೇರಿಸಿಯೇ ಮಾಡಿದ್ದು.

ಸೋ, ಕೆರಿಯರ್ ಹೌದು, ಆದ್ರೆ ಡೇಲಿ ತರದ್ದು ತುಂಬಾ ಅಪರೂಪ. ಮಾಮೂಲಿ ಆಗೋದು ಏನಂದ್ರೆ ಹೆಡ್ ಕೋಚ್‌ನ ತೆಗೆದ್ರೆ ಹೊಸಬ್ರು ತಮ್ಮವರನ್ನ ತರ್ತಾರೆ, ಅಸಿಸ್ಟೆಂಟ್‌ಗಳು ಏನೂ ತಪ್ಪು ಮಾಡ್ದೆ ಗಂಟುಮೂಟೆ ಕಟ್ಬೇಕು. ಅದಕ್ಕೆ ನಿಮ್ಮ ಹುಡುಗಿ ಹತ್ರ ಸಂಬಳ ಕೇಳೋಕೆ ಮುಂಚೆ ಹೆಡ್ ಕೋಚ್ ಯಾರು, ಅವರ ಕಾಂಟ್ರ್ಯಾಕ್ಟ್ ಇನ್ನೆಷ್ಟು ವರ್ಷ ಇದೆ, ಅವರ ಕೈಕೆಳಗೆ ಮೊದಲಿದ್ದ ಅಸಿಸ್ಟೆಂಟ್‌ಗಳು ಈಗ ಎಲ್ಲಿದಾರೆ ಅಂತ ಕೇಳಿ. ವೀಸಾ ಮೇಲೆ ಇದ್ರೆ ಇದು ಇನ್ನೂ ಮುಖ್ಯ, ಕೆಲ್ಸ ಹೋದ್ರೆ ಇನ್ನೊಂದು ಹುಡುಕೋಕೆ ಟೈಮ್ ತುಂಬಾ ಕಮ್ಮಿ ಕೊಡ್ತಾರೆ, ಅದನ್ನ ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸಲ್ಲಿ ಈಗ್ಲೇ ಕೇಳಿಟ್ಕೊಳ್ಳೋಕೆ ಹೇಳಿ.