ಮನೆಯಿಂದ ಕೆಲಸ ಮಾಡುವ ಮಾರ್ಕೆಟಿಂಗ್ ಸಲಹೆಗಾರರು ಫೋನ್ ಮೂಲಕ ಗ್ರಾಹಕರನ್ನು ಹುಡುಕುವುದು ಹೇಗೆ?

ಮನೆಯಿಂದಲೇ ಮಾರ್ಕೆಟಿಂಗ್ ಸಲಹೆಯ ಕೆಲಸ ಆರಂಭಿಸಿದ್ದೀರಿ. ಪಟ್ಟಿ ಹಿಡಿದು ಕರೆ ಮಾಡಿದರೆ ಎರಡು ಮಾತಿಗೇ ಫೋನ್ ಇಟ್ಟುಬಿಡುತ್ತಾರೆ, ಏನು ಹೇಳಬೇಕು ಎಂದು ಕೇಳಿದ್ದೀರಿ. ನನ್ನ ಬಹುಪಾಲು ಗ್ರಾಹಕರು ಫೋನ್ ಮೂಲಕವೇ ಬಂದವರು. ನಿಮ್ಮ ತೊಂದರೆಯ ಮೂಲ ಮಾತಿಗಿಂತ ಹೆಚ್ಚಾಗಿ ಪಟ್ಟಿಯಲ್ಲೇ ಇರಬೇಕು ಎಂದು ನನಗನ್ನಿಸುತ್ತದೆ.

ಡೈರೆಕ್ಟರಿಯಿಂದ ಸಾಲಾಗಿ ಎತ್ತಿಕೊಂಡ ನಂಬರುಗಳಿಗೆ ಕರೆ ಮಾಡುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಪ್ರಚಾರಕ್ಕೆ ಹಣ ಹಾಕಲು ಮನಸ್ಸಿಲ್ಲದ ಮಾಲೀಕರನ್ನು ಒಪ್ಪಿಸುವುದು ಬಹಳ ಕಷ್ಟ; ಈಗಾಗಲೇ ಹಾಕುತ್ತಿರುವವರಿಗೆ ಅದು ಎಲ್ಲಿ ಸೋರುತ್ತಿದೆ ಎಂದು ತೋರಿಸುವುದು ಸುಲಭ. ಅಂಥವರನ್ನು ಹುಡುಕಲು ಖರ್ಚೇನೂ ಇಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಸದ್ಯ ಯಾರ ಯಾವ ಜಾಹೀರಾತು ಓಡುತ್ತಿದೆ ಎಂಬುದನ್ನು ಮೆಟಾದ ಆ್ಯಡ್ ಲೈಬ್ರರಿಯಲ್ಲಿ ಯಾರು ಬೇಕಾದರೂ ನೋಡಬಹುದು. ಗೂಗಲ್ ಕೂಡ 2023ರಲ್ಲಿ ಆ್ಯಡ್ಸ್ ಟ್ರಾನ್ಸ್‌ಪರೆನ್ಸಿ ಸೆಂಟರ್ ತೆರೆದಿದೆ. ಒಂದೇ ಬಗೆಯ ವ್ಯವಹಾರವನ್ನು ಆರಿಸಿಕೊಳ್ಳಿ, ದಂತ ಚಿಕಿತ್ಸಾಲಯಗಳು ಎಂದಿಟ್ಟುಕೊಳ್ಳೋಣ. ಕರೆಗೆ ಮೊದಲು ಒಂದೊಂದರ ಜಾಹೀರಾತನ್ನೂ ಜಾಲತಾಣವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಗೂಗಲ್ ಹುಡುಕಾಟದಲ್ಲಿ ಕಾಣುವ ಜಾಹೀರಾತನ್ನು ಮಾತ್ರ ಒತ್ತಬೇಡಿ. ಹೆಚ್ಚಾಗಿ ಪ್ರತಿ ಕ್ಲಿಕ್ಕಿಗೂ ಅವರ ಹಣ ಹೋಗುತ್ತದೆ.

ಈಗ ಕರೆ ಮಾಡಿ. ನಾನು ಸುಮಾರಾಗಿ ಹೀಗೆ ಹೇಳುತ್ತೇನೆ: “ನಮಸ್ಕಾರ ಡಾಕ್ಟರ್, ನಾನು ಮಾರ್ಕೆಟಿಂಗ್ ಸಲಹೆಗಾರ್ತಿ. ನಮಗೆ ಪರಿಚಯವಿಲ್ಲ, ಒಂದು ನಿಮಿಷ ಮಾತನಾಡಬಹುದೇ? ನಿಮ್ಮ ಜಾಹೀರಾತಿನಲ್ಲಿ ಮೊದಲ ತಪಾಸಣೆ ಉಚಿತ ಎಂದಿದೆ. ಅದರಿಂದ ತೆರೆದುಕೊಳ್ಳುವ ಪುಟದಲ್ಲಿ ಆ ಮಾತೇ ಇಲ್ಲ, ಫೋನ್ ನಂಬರ್ ಕಟ್ಟಕಡೆಯಲ್ಲಿದೆ. ಜಾಹೀರಾತು ನೋಡಿ ಎಷ್ಟು ಜನ ಕರೆ ಮಾಡುತ್ತಿದ್ದಾರೆ ಎಂಬ ಲೆಕ್ಕ ನಿಮಗೆ ಸಿಗುತ್ತಿದೆಯೇ?”

ಇಷ್ಟು ಹೇಳಿ ಸುಮ್ಮನಾಗಿ. ಆ ಮೌನವನ್ನು ತುಂಬಲು ಹೋಗಿ ಮಾತು ಬೆಳೆಸಿದರೆ ಕೆಲಸ ಕೆಟ್ಟಿತು. ಬೋರ್ಡು, ಜಾಲತಾಣ, ಜಾಹೀರಾತು ಎಲ್ಲದರಲ್ಲೂ ಒಂದೇ ನಂಬರ್ ಇರುವಾಗ ಯಾವ ಕರೆ ಎಲ್ಲಿಂದ ಬಂತು ಎಂದು ಅನೇಕ ಮಾಲೀಕರಿಗೆ ಗೊತ್ತಿರುವುದಿಲ್ಲ. “ಇಲ್ಲ, ಗೊತ್ತಾಗುವುದಿಲ್ಲ” ಎಂಬ ಉತ್ತರ ಬಂದರೆ ಅಲ್ಲಿಂದಲೇ ಮಾತು ತೆರೆದುಕೊಳ್ಳುತ್ತದೆ. ಆಗಲೂ ನಿಮ್ಮ ಸೇವೆಗಳ ಪಟ್ಟಿಯನ್ನು ಒಪ್ಪಿಸಬೇಡಿ. ಹದಿನೈದು ನಿಮಿಷದ ಇನ್ನೊಂದು ಕರೆಗೆ ದಿನ, ಗಂಟೆ ಗೊತ್ತುಮಾಡಿಕೊಂಡರೆ ಮೊದಲ ಕರೆ ಸಾರ್ಥಕ. ಶುಲ್ಕ ಕೇಳಿದರೆ, ಕೆಲಸ ಎಷ್ಟಿದೆ ಎಂದು ತಿಳಿಯದೆ ಹೇಳಲಾಗದು ಎಂದು ನೇರವಾಗಿ ಹೇಳಿ.

ಫೋನ್ ಎತ್ತುವವರು ಹೆಚ್ಚಿನ ಸಲ ಸ್ವಾಗತಕಾರರು. ಅವರಿಗೆ ಸುಳ್ಳು ಹೇಳಿ, ರೋಗಿಯೆಂದು ನಟಿಸಿ ಒಳಹೋಗುವ ಉಪಾಯಗಳನ್ನು ಕೆಲವರು ಕಲಿಸುತ್ತಾರೆ. ನನಗೆ ಅದು ಸ್ವಲ್ಪವೂ ಒಪ್ಪಿಗೆಯಿಲ್ಲ. ವಿಷಯ ಹೇಳಿ, ಡಾಕ್ಟರ್ ಯಾವ ಹೊತ್ತಿಗೆ ಬಿಡುವಾಗಿರುತ್ತಾರೆ ಎಂದು ಅವರನ್ನೇ ಕೇಳಿ. ಒಳ್ಳೆಯ ಮಾತಿಗೆ ಒಳ್ಳೆಯ ಉತ್ತರ ಸಿಗುತ್ತದೆ. “ಇಮೇಲ್ ಕಳುಹಿಸಿ” ಎಂಬುದು ಬಹುತೇಕ ಸೌಜನ್ಯದ ನಿರಾಕರಣೆ. ಆದರೂ “ಅದರಲ್ಲಿ ಏನು ಬರೆದರೆ ನಿಮಗೆ ಉಪಯೋಗ?” ಎಂದು ಕೇಳಿ ನೋಡಿ, ನಿಜವಾದ ಆಸಕ್ತಿಯಿದ್ದವರು ಒಂದು ವಿಷಯವನ್ನಾದರೂ ಹೇಳುತ್ತಾರೆ.

ಮನೆಯಿಂದ ಕೆಲಸ ಮಾಡುತ್ತೇನೆ ಎನ್ನುವುದನ್ನು ಮುಚ್ಚಿಡುವ ಅಗತ್ಯವಿಲ್ಲ. ವ್ಯವಹಾರಕ್ಕೆ ಪ್ರತ್ಯೇಕ ನಂಬರ್ ಇರಲಿ, ಕರೆಯ ಹೊತ್ತಿನಲ್ಲಿ ಕೋಣೆಯ ಬಾಗಿಲು ಹಾಕಿರಲಿ, ಅಷ್ಟು ಸಾಕು.

ಕಾನೂನನ್ನೂ ನೋಡಿಕೊಳ್ಳಿ. ಮಾರಾಟದ ಕರೆ ಬೇಡ ಎನ್ನುವವರ ನೋಂದಣಿ ಹಲವು ದೇಶಗಳಲ್ಲಿದೆ. ಅಮೆರಿಕದಲ್ಲಿ ಅದು 2003ರಲ್ಲಿ ಬಂತು. ವ್ಯವಹಾರಗಳ ನಂಬರುಗಳಿಗೆ ನಿಯಮ ದೇಶದಿಂದ ದೇಶಕ್ಕೆ ಬೇರೆ, ಮಾಲೀಕರ ಸ್ವಂತ ಮೊಬೈಲ್ ನಂಬರ್ ಆದರೆ ಇನ್ನೂ ಎಚ್ಚರ ಬೇಕು. ಪಟ್ಟಿ ಮಾಡುವಾಗಲೇ ಇದನ್ನು ಪರಿಶೀಲಿಸಿ. ಕರೆ ಮಾಡಬೇಡಿ ಎಂದವರ ಹೆಸರಿನ ಮುಂದೆ ಫೋನ್ ಇಟ್ಟ ತಕ್ಷಣ ಗುರುತು ಹಾಕಿ, ಮತ್ತೆಂದೂ ಕರೆ ಮಾಡಬೇಡಿ.