ಆ ಬೌರಿಂಗ್ ಬೇರೆ, ಈ ಬೌರಿಂಗ್ ಬೇರೆ
ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯ ಬೌರಿಂಗೂ ಹಾಂಗ್ ಕಾಂಗ್ ಗವರ್ನರ್ ಬೌರಿಂಗೂ ಒಬ್ಬರೇನಾ ಅಂತ ಕೇಳಿದ್ದೀರಿ. ಅಲ್ಲ, ಅವರು ಅಪ್ಪ-ಮಗ. ಅಪ್ಪ ಸರ್ ಜಾನ್ ಬೌರಿಂಗ್, ಇಂಗ್ಲೆಂಡಿನ ಎಕ್ಸೆಟರ್‌ನವರು, 1854ರಿಂದ 1859ರವರೆಗೆ ಹಾಂಗ್ ಕಾಂಗ್ ಗವರ್ನರ್ ಆಗಿದ್ದರು, 1856ರಲ್ಲಿ ಬ್ರಿಟನ್ ಮತ್ತು ಚೀನಾ ನಡುವೆ ಶುರುವಾದ ಎರಡನೇ ಅಫೀಮು ಯುದ್ಧದಲ್ಲಿ ಅವರ ಪಾತ್ರ ದೊಡ್ಡದು, ಅದು ನನಗೆ ಈಗಲೂ ಬೇಸರದ ವಿಷಯ. ನಮ್ಮವರು ಮಗ, ಲೂಯಿನ್ ಬೆಂಥಮ್ ಬೌರಿಂಗ್. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್, ಅಂದರೆ ಬ್ರಿಟಿಷರ ಪರವಾಗಿ ಮೈಸೂರು ಸಂಸ್ಥಾನದ ಆಡಳಿತ ನೋಡಿಕೊಂಡವರು. ನಡುವಿನ ಹೆಸರು ಅಪ್ಪನ ಗೆಳೆಯ, ತತ್ವಜ್ಞಾನಿ ಜೆರೆಮಿ ಬೆಂಥಮ್‌ದು.

ಆಸ್ಪತ್ರೆ ಒಂದೇ ಅಲ್ಲ, ಬೆಂಗಳೂರಿನ ಬೌರಿಂಗ್ ಇನ್‌ಸ್ಟಿಟ್ಯೂಟ್ ಕ್ಲಬ್ ಕೂಡ ಮಗನ ಹೆಸರಿನದೇ. ಕೆಜಿಎಫ್‌ಗೆ ರೈಲು ಬದಲಿಸುವ ಬಂಗಾರಪೇಟೆ ಇದೆಯಲ್ವಾ, ಅದು ಮೊದಲು ಬೌರಿಂಗ್‌ಪೇಟೆ. ಊರಿನ ಹೆಸರು ಬದಲಾಯ್ತು, ಸ್ಟೇಷನ್ ಕೋಡ್ ಮಾತ್ರ ಇವತ್ತಿಗೂ ಬಿಡಬ್ಲ್ಯುಟಿ. ಟಿಕೆಟ್ ಇದ್ದರೆ ಒಮ್ಮೆ ನೋಡಿ.